ಮಿಲ್ಟ್ರಿ ಲಾರಿ ಮನೆಗೆ ಬರುವ ದಾರಿ

ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಒಂದು ಫೋಟೊ ಸುತ್ತುತ್ತಿರುತ್ತೆ. ಯಾವುದೋ ಡಿಪೊದ ಬಯಲಲ್ಲಿ ಸಾಲಾಗಿ ನಿಂತ ಹಸಿರು ಲಾರಿಗಳು, ಚಕ್ರ ಮುಚ್ಚುವಷ್ಟು ಬೆಳೆದ ಹುಲ್ಲು, ಕೆಳಗೊಂದು ಸಾಲು: 'ಆರ್ಮಿ ಹರಾಜು, ಬುಲೆಟ್ ರೇಟಿಗೆ ಲಾರಿ!' ನೀವೂ ನೋಡಿರ್ತೀರಿ. ಒಂದು ಕ್ಷಣ ಮನಸ್ಸು ಜಾರಿರಲೂಬಹುದು.

ಚಿಂಚೋಳಿ ತಾಲ್ಲೂಕಿನಲ್ಲಿರುವ ನನ್ನ ಕಾಕಾನ ಮಗನಿಗಂತೂ ಪೂರ್ತಿ ಜಾರಿದೆ. ಬೆಂಗಳೂರಲ್ಲಿ ಕೆಲಸ, ಚಂದ್ರಂಪಳ್ಳಿ ದಾರಿಯಲ್ಲಿ ಹೊಲ. ಮಳೆಗಾಲದಲ್ಲಿ ಹೊಲದ ದಾರಿ ಕೆಸರಾದರೆ ಬಾಡಿಗೆ ಟೆಂಪೊದವರು ಬರಲ್ಲ ಅಂತಾರೆ. ಅದಕ್ಕೆ ನಾಲ್ಕೂ ಚಕ್ರ ಎಳೆಯುವ ಒಂದು ಮಿಲ್ಟ್ರಿ ಲಾರಿ ತಂದು ಮನೆ ಮುಂದೆ ನಿಲ್ಲಿಸಬೇಕು ಅನ್ನೋದು ಅವನ ಆಸೆ. ನಾಲ್ಕು ವರ್ಷ ಕೂಡಿಟ್ಟ ದುಡ್ಡು ಅದಕ್ಕೇ ಅಂತ ಎತ್ತಿಟ್ಟಿದ್ದಾನೆ. ಕಾಕಾ ಹೇಳಿದ್ದು ಇಷ್ಟೇ: "ತಮ್ಮಾ, ಎಮ್ಮಿ ತರೂದು ಸಸ್ತಾನೇ ಅದ. ಹಿಂಡಿ ಹಾಕೂದು ತುಟ್ಟಿ."

ಅವನ ಸಲುವಾಗಿ ನಾನು ನಿಯಮ, ಫಾರ್ಮು, ಹರಾಜಿನ ಷರತ್ತು ಎಲ್ಲ ಓದುತ್ತಾ ಕೂತೆ. ಲಾರಿ ಕೊಳ್ಳೋದು ಇಡೀ ಕೆಲಸದಲ್ಲಿ ಸುಲಭದ ಭಾಗ ಅನ್ನೋದು ಮೊದಲ ವಾರದಲ್ಲೇ ಗೊತ್ತಾಯ್ತು. ಡಿಪೊ ಗೇಟಿನಿಂದ ನಮ್ಮೂರ ಅಂಗಳದವರೆಗೆ ಅದನ್ನು ಕಾನೂನುಬದ್ಧವಾಗಿ, ಯಾರಿಗೂ ಅಪಾಯವಾಗದಂತೆ ತರೋದರಲ್ಲೇ ದುಡ್ಡು, ದಿನ, ತಾಳ್ಮೆ ಎಲ್ಲ ಖರ್ಚಾಗೋದು.

ಯಾವ ಲಾರಿ ಇದು?

'ಮಿಲ್ಟ್ರಿ ಲಾರಿ' ಅಂದಾಕ್ಷಣ ನಮ್ಮ ಕಣ್ಣಿಗೆ ಬರೋದು ಶಕ್ತಿಮಾನ್. ಟಿ.ವಿ.ಯ ಶಕ್ತಿಮಾನ್ ಅಲ್ಲ, ಅದಕ್ಕಿಂತ ನಲವತ್ತು ವರ್ಷ ಹಿರಿಯ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು, ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾಗಿದ್ದ ಕಾಲದಲ್ಲಿ, 1959ರಲ್ಲಿ ಜಬಲ್ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ ಇದರ ತಯಾರಿಕೆ ಶುರುವಾಯ್ತು. ಆಮೇಲೆ ಅದೇ ಊರಲ್ಲಿ ವೆಹಿಕಲ್ ಫ್ಯಾಕ್ಟರಿ ಎದ್ದಿತು. 1990ರ ದಶಕದವರೆಗೂ ಶಕ್ತಿಮಾನ್ ಹುಟ್ಟುತ್ತಲೇ ಇತ್ತು. ಗಿಡ್ಡ ಮೂಗಿನ ಬಾನೆಟ್, ಆರು ಸಿಲಿಂಡರಿನ ಡೀಸೆಲ್ ಎಂಜಿನ್, ನಾಲ್ಕು ಚಕ್ರಕ್ಕೂ ಎಳೆತ. ಅದರ ಜಾಗಕ್ಕೆ ಬಂದದ್ದು ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್ ಮತ್ತು ಟಾಟಾದ ಲಾರಿಗಳು. ಜಬಲ್ಪುರದ್ದೇ ಇನ್ನೊಂದು ಪ್ರಸಿದ್ಧ ಮಗು ಜೊಂಗಾ. ಅದು ನಿಸಾನ್ ಮೂಲದ ಜೀಪಿನಂಥ ಗಾಡಿ, ಹೆಸರೇ 'ಜಬಲ್ಪುರ ಆರ್ಡ್‌ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ' ಅನ್ನೋದರ ಮೊದಲಕ್ಷರಗಳು.

ಸೇನೆಯ ಹಳೇ ಗಾಡಿ ಊರಿಗೆ ಬರೋದು ಹೊಸದೇನಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕ, ಬ್ರಿಟನ್ ಪಡೆಗಳು ಇಲ್ಲಿ ಬಿಟ್ಟುಹೋದ ಲಾರಿ, ಜೀಪುಗಳನ್ನು ಸರ್ಕಾರ 'ಡಿಸ್ಪೋಸಲ್' ಹೆಸರಲ್ಲಿ ಮಾರಿತು. ಹಿರಿಯರು 'ಡಿಸ್ಪೋಸಲ್ ಗಾಡಿ' ಅಂತಿದ್ದದ್ದು ಇದನ್ನೇ. ಅವುಗಳಲ್ಲಿ ಕೆಲವು ಬಸ್ಸಾದವು, ಕೆಲವು ಮರ ಹೊತ್ತವು, ಕೆಲವಕ್ಕೆ ಹಿಂದೆ ಕಬ್ಬಿಣದ ತೋಳು ಕೂರಿಸಿ ಕ್ರೇನ್ ಮಾಡಿದರು. ಹೆದ್ದಾರಿಯಲ್ಲಿ ಕೆಟ್ಟ ಲಾರಿ ಎಳೆಯಲು ಬರುವ ಆ ವಿಚಿತ್ರ ಮುಖದ ಹಳೇ ಕ್ರೇನ್ ನೋಡಿದ್ದೀರಲ್ಲ, ಎಷ್ಟೋ ಸಲ ಅದರ ಅಜ್ಜ ಯುದ್ಧದಲ್ಲಿದ್ದವನು.

ಹರಾಜು ಅನ್ನೋದು ಮೊಬೈಲಲ್ಲೇ

ಈಗ ಹರಾಜು ನಡೆಯೋದು ಆನ್‌ಲೈನಲ್ಲಿ. 1964ರಲ್ಲಿ ಶುರುವಾದ, ಕೋಲ್ಕತ್ತಾ ಮೂಲದ ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಸರ್ಕಾರಿ ಇಲಾಖೆಗಳ ಹಳೇ ಸಾಮಾನು, ಗಾಡಿ, ಕಬ್ಬಿಣ ಎಲ್ಲ ಬರುತ್ತೆ. ಖರೀದಿದಾರನಾಗಿ ಹೆಸರು ನೋಂದಾಯಿಸಬೇಕು, ಮುಂಗಡ ಠೇವಣಿ ಕಟ್ಟಬೇಕು, ಹೇಳಿದ ದಿನಗಳಲ್ಲಿ ಹೋಗಿ ಗಾಡಿ ನೋಡಬಹುದು. ಬಿಡ್ ಗೆದ್ದ ತಕ್ಷಣ ಲಾರಿ ನಿಮ್ಮದಾಗಲ್ಲ. ಎಷ್ಟೋ ಲಾಟುಗಳಲ್ಲಿ ಮಾರುವವರ ಒಪ್ಪಿಗೆ ಬರೋವರೆಗೆ ಕಾಯಬೇಕು. ಒಪ್ಪಿಗೆ ಬಂದಮೇಲೆ ಪೂರ್ತಿ ದುಡ್ಡು, ಮೇಲೆ ತೆರಿಗೆ. ಗೊತ್ತು ಮಾಡಿದ ದಿನದೊಳಗೆ ಎತ್ತಿಕೊಂಡು ಹೋಗದಿದ್ದರೆ ನಿಲ್ಲಿಸಿದ ಜಾಗಕ್ಕೆ ನೆಲಬಾಡಿಗೆ ಬೇರೆ.

ಷರತ್ತಿನಲ್ಲಿ ಒಂದು ಮಾತಿರುತ್ತೆ: ಇದ್ದಲ್ಲಿ, ಇದ್ದ ಸ್ಥಿತಿಯಲ್ಲಿ. ಎಂಜಿನ್ ಒಳಗೆ ಪಿಸ್ಟನ್ ಇಲ್ಲ ಅಂತ ಆಮೇಲೆ ಗೊತ್ತಾದರೂ ದೂರು ಕೊಡೋ ಹಾಗಿಲ್ಲ. ಫೋಟೊ ನೋಡಿ ಬಿಡ್ ಹಾಕೋದು ಕುಂಡಲಿ ನೋಡಿ ಮದುವೆ ಆಗೋದಕ್ಕಿಂತ ಅಪಾಯ. ಹಾಗಾಗಿ ಪರಿಶೀಲನೆ ದಿನ ರಜೆ ಹಾಕಿ, ಒಬ್ಬ ಮೆಕ್ಯಾನಿಕ್‌ನ ಜೊತೆ ಕರಕೊಂಡು ಹೋಗಿ. ಲಾರಿ ಅಂದರೆ ನಮ್ಮ ವಾಡಿ, ಶಹಾಬಾದ್ ಕಡೆಯ ಗ್ಯಾರೇಜಿನ ಉಸ್ತಾದರು ಸಾಕು. ಸುಣ್ಣದಕಲ್ಲು, ಸಿಮೆಂಟು ಹೊತ್ತು ಸವೆದ ಲಾರಿಗಳನ್ನೇ ಜೀವಮಾನವೆಲ್ಲ ಬಿಚ್ಚಿ ಜೋಡಿಸಿದ ಕೈ ಅವರದು.

ಇನ್ನೊಂದು ಎಚ್ಚರಿಕೆ. 'ನಾನು ಸೈನಿಕ, ವರ್ಗ ಆಗಿದೆ, ಗಾಡಿ ಅರ್ಜೆಂಟಾಗಿ ಮಾರಬೇಕು, ಅಡ್ವಾನ್ಸ್ ಈ ನಂಬರಿಗೆ ಹಾಕಿ' ಅಂತ ಸೇನೆಯ ಗುರುತಿನ ಚೀಟಿಯ ಫೋಟೊ ಕಳಿಸಿ ಮೋಸ ಮಾಡೋ ದಂಧೆ ದೇಶದ ತುಂಬ ಇದೆ. ಸೇನೆಯ ಲಾರಿಯನ್ನು ಒಬ್ಬ ಯೋಧ ತನ್ನ ಫೋನಿಂದ ಮಾರಲು ಸಾಧ್ಯವೇ ಇಲ್ಲ. ಅಂಥ ಮೆಸೇಜಿಗೆ ಉತ್ತರ ಕೊಡೋದೂ ಬೇಡ.

ಗೇಟು ದಾಟಿದ ಲಾರಿಗೆ ಹೆಸರಿಲ್ಲ

ಓದುತ್ತಾ ಹೋದಂತೆ ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ ಭಾಗ ಇದು. ಮನೆಯ ದುಡ್ಡು ಮುಳುಗೋದು ಕೂಡ ಇಲ್ಲೇ.

ಸೇನೆಯ ಗಾಡಿಗೆ ನಮ್ಮ ಗಾಡಿಗಳ ಹಾಗೆ ಆರ್‌ಟಿಒ ನೋಂದಣಿ ಇರಲ್ಲ. ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ ರಕ್ಷಣಾ ಇಲಾಖೆಯ ಗಾಡಿಗಳ ನೋಂದಣಿ ಪ್ರತ್ಯೇಕ. ನಂಬರ್ ಪ್ಲೇಟಿನಲ್ಲಿ ಮೇಲ್ಮುಖವಾದ ಒಂದು ಬಾಣ, ಪಕ್ಕದಲ್ಲಿ ಸೇನೆ ಆ ಗಾಡಿ ಕೊಂಡ ವರ್ಷದ ಕೊನೆಯ ಎರಡು ಅಂಕಿ. ಬಾಣದ ಪಕ್ಕ 89 ಅಂತಿದ್ದರೆ ಅದು 1989ರ ಗಾಡಿ. ಸರ್ಕಾರದ್ದಾದ್ದರಿಂದ ಅದಕ್ಕೆ ವಿಮೆ ಕಡ್ಡಾಯವಲ್ಲ. ಟೋಲ್ ಕೂಡ ಇಲ್ಲ, ಅದಕ್ಕೆ 1901ರ ಬ್ರಿಟಿಷ್ ಕಾಲದ ಕಾಯ್ದೆಯೇ ಇದೆ.

ಮಾರಾಟವಾದ ಗಳಿಗೆಗೆ ಇದೆಲ್ಲ ಕಳಚಿ ಬೀಳುತ್ತೆ. ನೋಂದಣಿ ಇಲ್ಲ, ವಿಮೆ ಇಲ್ಲ, ಟೋಲ್ ವಿನಾಯಿತಿ ಇಲ್ಲ. ಮೂವತ್ತು ವರ್ಷ ದೇಶ ಕಾಯ್ದ ಲಾರಿ ಗೇಟಿನಾಚೆ ಬಂದಾಗ ಆಧಾರ್ ಇಲ್ಲದ ಮನುಷ್ಯನ ಹಾಗೆ ನಿಂತಿರುತ್ತೆ.

ಅದಕ್ಕೆ ಮರುಜನ್ಮ ಕೊಡೋ ಕಾಗದದ ಹೆಸರು ಫಾರ್ಮ್ 21. ಶೋರೂಮಿನಲ್ಲಿ ಹೊಸ ಬೈಕು ಕೊಂಡಾಗ ಸಿಗುವ ಮಾರಾಟ ಪ್ರಮಾಣಪತ್ರ ಇದೇ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮದಲ್ಲಿ ಹಳೇ ಸೇನಾ ವಾಹನಕ್ಕೆ ಸಂಬಂಧಪಟ್ಟ ಅಧಿಕಾರಿಯಿಂದ ಪಡೆದ ಮೂಲ ಫಾರ್ಮ್ 21 ಬೇಕು ಅಂತ ಸ್ಪಷ್ಟವಾಗಿದೆ. ನೋಂದಣಿಗೆ ಅರ್ಜಿ ಹಾಕೋ ಫಾರ್ಮ್ 20ರಲ್ಲಿ ಇನ್ನೊಂದು ಮಜಾ ಇದೆ. ಗಾಡಿ ಹೊಸದೋ, ಹಳೇ ಸೇನಾ ವಾಹನವೋ, ಆಮದಾದದ್ದೋ ಅಂತ ಒಂದು ಪ್ರಶ್ನೆ. ನಮ್ಮಲ್ಲಿ ಬಹುತೇಕ ಎಲ್ಲರೂ ಮೊದಲನೆಯದನ್ನು ಗುರುತು ಮಾಡಿ ಮುಂದೆ ಹೋಗ್ತೀವಿ. ಎರಡನೆಯದು ಅಲ್ಲಿ ಇದೆ ಅಂತ ಗಮನಿಸೋದೇ ಇಲ್ಲ.

ಹಾಗಾಗಿ ಲಾಟ್ ವಿವರ ಓದುವಾಗ ಎಂಜಿನ್ ಬಗ್ಗೆ ಬರೆದ ಸಾಲಿಗಿಂತ ಮೊದಲು ಗಾಡಿಯನ್ನು ಯಾವ ರೂಪದಲ್ಲಿ ಮಾರುತ್ತಿದ್ದಾರೆ ಅನ್ನೋದನ್ನು ನೋಡಿ. ಓಡಿಸೋಕೆ ಅಂತ ಮಾರಿದ ಗಾಡಿಯೋ, ಬರೀ ಸ್ಕ್ರ್ಯಾಪೋ? ಸ್ಕ್ರ್ಯಾಪ್ ಅಂತ ಮಾರಿದ್ದಕ್ಕೆ ಫಾರ್ಮ್ 21 ಸಿಗಲ್ಲ, ಫಾರ್ಮ್ 21 ಇಲ್ಲದ್ದಕ್ಕೆ ನಂಬರ್ ಸಿಗಲ್ಲ. ನಮ್ಮ ಕಡೆ ಗುಜರಿಗೆ ಭಂಗಾರ ಅಂತಾರೆ. ಬ ಅಲ್ಪಪ್ರಾಣ ಆದರೆ ಚಿನ್ನ, ಮಹಾಪ್ರಾಣ ಆದರೆ ಗುಜರಿ. ಹರಾಜಿನ ಲಾರಿ ಇವೆರಡರಲ್ಲಿ ಯಾವುದು ಅನ್ನೋದನ್ನು ನಿರ್ಧರಿಸೋದು ಆ ಒಂದು ಹಾಳೆ.

ಲಾರಿಯನ್ನು ಹಳ್ಳಿಗೆ ತಂದು ಕಾಗದ ಆಮೇಲೆ ಮಾಡಿಸೋಣ ಅನ್ನುವವರು ಬಹಳ. ಮೋಟಾರು ವಾಹನ ಕಾಯ್ದೆ ಹಾಗೆ ಬಿಡಲ್ಲ. ರಸ್ತೆಗೆ ಇಳಿಯುವ ಮೊದಲು 43ನೇ ಸೆಕ್ಷನ್‌ನ ತಾತ್ಕಾಲಿಕ ನೋಂದಣಿ, ಕನಿಷ್ಠ ಮೂರನೇ ವ್ಯಕ್ತಿಯ ವಿಮೆ, ಹೆವಿ ಲೈಸೆನ್ಸ್ ಇರೋ ಡ್ರೈವರ್ ಬೇಕೇ ಬೇಕು. ನೋಂದಣಿ ಇಲ್ಲದೆ ಓಡಿಸಿದರೆ ಮೊದಲ ಸಲಕ್ಕೆ ದಂಡ 5,000 ರೂಪಾಯಿವರೆಗೆ. ದಂಡ ಹೇಗೋ ಕಟ್ಟಬಹುದು. ವಿಮೆ ಇಲ್ಲದ ಲಾರಿ ದಾರಿಯಲ್ಲಿ ಒಬ್ಬ ಬೈಕಿನವನಿಗೆ ತಾಗಿದರೆ ಪರಿಹಾರಕ್ಕೆ ನಿಮ್ಮ ಹೊಲವೇ ಹೋಗಬಹುದು. ನನ್ನ ತಮ್ಮನಿಗೆ ನಾನು ಒತ್ತಿ ಹೇಳಿದ್ದು ಇದೊಂದನ್ನೇ.

ಪುಣೆಯಿಂದ ಚಂದ್ರಂಪಳ್ಳಿಗೆ

ನಮ್ಮ ಭಾಗಕ್ಕೆ ಹತ್ತಿರದ ದೊಡ್ಡ ದಂಡಿನ ಊರುಗಳು ಎರಡು: ಸಿಕಂದರಾಬಾದ್, ಪುಣೆ. ಪುಣೆಯಲ್ಲಿ ಲಾಟ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಸೊಲ್ಲಾಪುರದವರೆಗೆ ಸುಮಾರು 250 ಕಿ.ಮೀ., ಅಲ್ಲಿಂದ ಹುಮನಾಬಾದ್‌ಗೆ 150ರ ಆಸುಪಾಸು, ಮುಂದೆ ಚಿಂಚೋಳಿ ಕಡೆ ಹೊರಳಿ ಚಂದ್ರಂಪಳ್ಳಿ ಮುಟ್ಟೋವಾಗ ಒಟ್ಟು 460 ಅಂತ ಹಿಡಿಯೋಣ. ಕಾರಿನಲ್ಲಿ ಒಂದು ಹಗಲು. ವರ್ಷಗಟ್ಟಲೆ ನಿಂತಿದ್ದ ಲಾರಿಗೆ 40 ಕಿ.ಮೀ. ವೇಗವೇ ಸರಿ, ಅಂದರೆ ಎರಡು ಹಗಲು. ರಾತ್ರಿ ಓಡಿಸೋದು ಬೇಡ. ಲೀಟರಿಗೆ 3 ಕಿ.ಮೀ. ಲೆಕ್ಕ ಹಾಕಿದರೂ 150 ಲೀಟರ್ ಡೀಸೆಲ್.

ಹೊರಡುವ ಮೊದಲು ಒಂದು ದಿನ ಡಿಪೊ ಹೊರಗೇ ಹೋಗುತ್ತೆ. ಟ್ಯಾಂಕಿನ ಹಳೇ ಡೀಸೆಲ್ ಪೂರ್ತಿ ಬಸಿಯಬೇಕು, ತಳದಲ್ಲಿ ನೀರು, ತುಕ್ಕು ಕೂತಿರುತ್ತೆ. ಫಿಲ್ಟರ್ ಹೊಸದು ಹಾಕಿ, ಪೈಪಿನ ಗಾಳಿ ತೆಗೆಯಬೇಕು. ಬ್ಯಾಟರಿ ಒಂದು ತಂದರೆ ಸಾಲದು, ಸೇನೆಯ ಲಾರಿಗಳು ಸಾಮಾನ್ಯವಾಗಿ 24 ವೋಲ್ಟಿನವು, ಎರಡು ಬೇಕು. ಎಂಜಿನ್ ಮೊದಲು ಕೈಯಿಂದ ತಿರುಗುತ್ತಾ ನೋಡಿ ಆಮೇಲೆ ಸ್ಟಾರ್ಟರ್ ಮುಟ್ಟಬೇಕು. ಟೈರಿನ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತೆ, 2312 ಅಂದರೆ 2012ರ 23ನೇ ವಾರ ತಯಾರಾದದ್ದು. ಹೂವು ಎಷ್ಟು ಆಳ ಇದ್ದರೂ ಹಳೇ ರಬ್ಬರು ಬಿಸಿಲಿಗೆ ಬಿರಿದಿರುತ್ತೆ.

ಎಲ್ಲಕ್ಕಿಂತ ಮೊದಲು ಬ್ರೇಕು. ಲಾರಿ ಸ್ಟಾರ್ಟ್ ಆಯ್ತು ಅಂತ ಕುಣಿಯುವವರು ನಿಲ್ಲಿಸೋದು ಹೇಗೆ ಅಂತ ಮರೆತಿರ್ತಾರೆ. ನಿಂತ ಗಾಡಿಯ ಬ್ರೇಕಿನ ರಬ್ಬರ್ ವಾಷರು, ಹೋಸ್ ಪೈಪುಗಳು ಒಣಗಿ ಸೀಳಿರುತ್ತವೆ. ಅವನ್ನು ಬದಲಿಸದೆ ಮೈದಾನದಿಂದ ಆಚೆ ಇಳಿಸಬಾರದು. ಬದಲಿಸಲು ಆಗದಿದ್ದರೆ ಮರ್ಯಾದೆಯಾಗಿ ಲೋ-ಬೆಡ್ ಟ್ರೇಲರ್ ಮೇಲೆ ಹೇರಿ ತನ್ನಿ. ಓಡಿಸಿಕೊಂಡು ಬಂದೆ ಅನ್ನೋ ಜಂಬ ಸಿಗಲ್ಲ, ಅಷ್ಟೇ.

ದೀಪಗಳದ್ದು ಬೇರೆ ಕಥೆ. ಶತ್ರುವಿಗೆ ಕಾಣದ ಹಾಗೆ ಕತ್ತಲಲ್ಲಿ ಸಾಲಾಗಿ ಹೋಗೋಕೆ ಈ ಲಾರಿಗಳಲ್ಲಿ ಬೇರೆಯೇ ಏರ್ಪಾಡು: ಹಿಂದಿನ ಡಿಫರೆನ್ಶಿಯಲ್ ಗುಂಡಿಗೆ ಬಿಳಿ ಬಣ್ಣ, ಅದರ ಮೇಲೆ ಬೀಳುವ ಒಂದು ಪುಟ್ಟ ದೀಪ. ಹಿಂದಿನ ಲಾರಿಯ ಡ್ರೈವರ್ ಆ ಬಿಳಿ ಗುಂಡನ್ನೇ ನೋಡಿಕೊಂಡು ಹಿಂಬಾಲಿಸುತ್ತಿದ್ದ. ಪುಣೆ–ಸೊಲ್ಲಾಪುರ ಹೆದ್ದಾರಿಯಲ್ಲಿ ಅದು ಸಾಲಲ್ಲ. ಬ್ರೇಕ್ ಲೈಟು, ಇಂಡಿಕೇಟರು, ಹಿಂದೆ ಅಗಲದ ಕೆಂಪು ರಿಫ್ಲೆಕ್ಟರ್ ಟೇಪು, ಎಲ್ಲ ಹಾಕಿಸಲೇಬೇಕು.

ಓಡಿಸೋದೂ ಬೇರೆ ವಿದ್ಯೆ. ಹಳೇ ಗೇರ್‌ಬಾಕ್ಸಿನಲ್ಲಿ ಕ್ಲಚ್ ಒಂದು ಸಲ ಒತ್ತಿದರೆ ಗೇರ್ ಬೀಳಲ್ಲ, ಹಲ್ಲು ಕಡಿಯುತ್ತೆ. ಒತ್ತಿ ನ್ಯೂಟ್ರಲಿಗೆ ತಂದು, ಬಿಟ್ಟು, ಕೆಳಗಿನ ಗೇರಿಗಾದರೆ ನಡುವೆ ಒಂದು ರೇಸ್ ಕೊಟ್ಟು, ಮತ್ತೆ ಒತ್ತಿ ಹಾಕಬೇಕು. ಕಾಲಿಗೂ ಕಿವಿಗೂ ತಾಳ ಸಿಗೋಕೆ ಐವತ್ತು ಕಿಲೋಮೀಟರ್ ಬೇಕು. ಪವರ್ ಸ್ಟೇರಿಂಗ್ ಇಲ್ಲದ್ದಾದರೆ ನಿಂತಲ್ಲೇ ತಿರುಗಿಸಲು ಹೋಗಬೇಡಿ, ತೋಳು ಬೀಳುತ್ತೆ. ಡಾಂಬರಿನ ಮೇಲೆ ನಾಲ್ಕು ಚಕ್ರದ ಎಳೆತ ಹಾಕಲೇಬಾರದು, ಅದು ಕೆಸರಿಗೆ ಇರೋದು, ಗಟ್ಟಿ ರಸ್ತೆಯಲ್ಲಿ ಆಕ್ಸಲ್‌ಗಳು ಒಂದನ್ನೊಂದು ಹಿಡಿದು ತಿರುಚಿಕೊಳ್ತವೆ. ಮೊದಲ ಹತ್ತು ಕಿ.ಮೀ. ಆದಮೇಲೆ ನಿಲ್ಲಿಸಿ ನಾಲ್ಕೂ ಚಕ್ರದ ಗುಂಬಕ್ಕೆ ಕೈ ಹಿಡಿದು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಹೋಗಿದೆ. ಸರಿಮಾಡದೆ ಮುಂದೆ ಹೋಗಬಾರದು.

ಭಿಗವಣ, ಇಂದಾಪುರ, ಮೋಹೋಳ ದಾಟಿ ಸೊಲ್ಲಾಪುರಕ್ಕೆ ಬಂದರೆ ಅರ್ಧ ಮನೆ ಸೇರಿದ ಹಾಗೆ. ಗ್ಯಾರೇಜಿನಲ್ಲಿ "ಎಲ್ಲಿಗಿ ಹೊಂಟೀರಿ?" ಅಂತ ಕನ್ನಡದಲ್ಲೇ ಕೇಳುವವರು ಸಿಗ್ತಾರೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಸಿಗುತ್ತೆ. ರಾತ್ರಿ ಅಲ್ಲೇ ತಂಗಿ.

ಅಲ್ಲಿಂದ ಮುಂದಿನ ದಾರಿ ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತು. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ನಿಜಾಮನ ಸೀಮೆಗೆ ನುಗ್ಗಿದಾಗ ಮುಖ್ಯ ಪಡೆ ಬಂದದ್ದು ಸೊಲ್ಲಾಪುರದಿಂದ, ನಳದುರ್ಗ, ಉಮರ್ಗಾ, ಜಹೀರಾಬಾದ್ ಕಡೆಗೆ. ಮುಂದಾಳು ಮೇಜರ್ ಜನರಲ್ ಜೆ.ಎನ್. ಚೌಧುರಿ. ಐದೇ ದಿನದಲ್ಲಿ ಕೆಲಸ ಮುಗಿಯಿತು. ನಾವು ಸೆಪ್ಟೆಂಬರ್ 17ರಂದು ಬಾವುಟ ಹಾರಿಸೋದು ಅದಕ್ಕೇ. ಆಗಿನ್ನೂ ಶಕ್ತಿಮಾನ್ ಹುಟ್ಟಿರಲಿಲ್ಲ. ಆದರೂ ಹಸಿರು ಲಾರಿಯೊಂದು ನಳದುರ್ಗದ ಕೋಟೆ ಪಕ್ಕ ಗುರುಗುಟ್ಟುತ್ತಾ ಹೋದರೆ ಕಟ್ಟೆಯ ಮೇಲೆ ಕೂತ ಹಿರಿಯರು ತಲೆ ಎತ್ತದೆ ಇರಲ್ಲ.

ಬಸವಕಲ್ಯಾಣ ಕ್ರಾಸ್, ಹುಮನಾಬಾದ್ ಬಂದಮೇಲೆ ಹೆದ್ದಾರಿ ಬಿಟ್ಟು ಚಿಂಚೋಳಿ ಕಡೆ ಹೊರಳಬೇಕು. ರಸ್ತೆ ಸಣ್ಣದು, ಎದುರಿಗೆ ಕುರಿ ಹಿಂಡು, ತೊಗರಿ ಹೇರಿದ ಟ್ರ್ಯಾಕ್ಟರು. ನಿಧಾನ.

ಬಂದಮೇಲೆ ಇದೆ ನಿಜವಾದ ಹಿಂಡಿ

ಮನೆಗೆ ಬಂದಮೇಲೆ ಮೊದಲ ಕೆಲಸ ಬಣ್ಣ. ಆ ಹಸಿರನ್ನೇ ನೋಡಿ ಮನಸೋತಿದ್ದರೂ ಉಳಿಸಿಕೊಳ್ಳೋ ಹಾಗಿಲ್ಲ. ರಕ್ಷಣಾ ಇಲಾಖೆಯದ್ದಲ್ಲದ ಯಾವ ವಾಹನಕ್ಕೂ ಆಲಿವ್ ಹಸಿರು ಬಣ್ಣ ಬಳಿಯಬಾರದು ಅಂತ 121ನೇ ನಿಯಮ ಹೇಳುತ್ತೆ. ಬಾಣದ ಗುರುತು, ಪಡೆಯ ಚಿಹ್ನೆ, ಹಳೇ ನಂಬರು ಎಲ್ಲ ಅಳಿಸಬೇಕು. ತಮ್ಮನಿಗೆ ಇದು ಹೇಳಿದಾಗ ಎರಡು ನಿಮಿಷ ಮಾತೇ ಆಡಲಿಲ್ಲ. "ಅಣ್ಣಾ, ಮತ್ತ ಯಾವ ಬಣ್ಣ ಹೊಡೀಬೇಕು?" ಅಂದ. ತೊಗರಿ ಹೂವಿನ ಹಳದಿ ಹೊಡಿ ಅಂದೆ.

ಆಮೇಲೆ ಕಲಬುರಗಿ ಆರ್‌ಟಿಒ. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು, ಫಾರ್ಮ್ 20, ಫಾರ್ಮ್ 21, ವಿಮೆ, ವಿಳಾಸದ ದಾಖಲೆ, ಗಾಡಿಯ ಪರಿಶೀಲನೆ, ತೆರಿಗೆ. ಸರಕು ಸಾಗಿಸುವ ಗಾಡಿಯಾದರೆ ಫಿಟ್‌ನೆಸ್ ಪ್ರಮಾಣಪತ್ರ. ಹೊಗೆ ಪರೀಕ್ಷೆ. ಇಷ್ಟು ದಾಟಿದರೆ ಕೆಎ 32ರ ನಂಬರು. ಬಿಡ್ ಹಾಕುವ ಮೊದಲೇ ಕಚೇರಿಗೆ ಒಮ್ಮೆ ಹೋಗಿ, ಇಂಥ ವರ್ಷದ ಇಂಥ ಮಾಡೆಲ್ ನೋಂದಾಯಿಸ್ತೀರಾ ಅಂತ ಕೇಳಿ ಬರೋದು ಜಾಣತನ. ಆ ಒಂದು ದಿನದ ರಜೆ ಲಕ್ಷಗಟ್ಟಲೆ ಉಳಿಸಬಹುದು.

ಕಾಡಿನ ಕನಸೊಂದಿದೆಯಲ್ಲ, ವಾರಾಂತ್ಯಕ್ಕೆ ಗೆಳೆಯರನ್ನು ಹತ್ತಿಸಿಕೊಂಡು ಡ್ಯಾಮ್ ಹಿಂದಿನ ಗುಡ್ಡಗಳಿಗೆ ಲಾರಿ ಹತ್ತಿಸೋದು, ಅದನ್ನು ಬಿಟ್ಟುಬಿಡಿ. ಚಂದ್ರಂಪಳ್ಳಿ ಜಲಾಶಯ ಇರೋದು 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮದಲ್ಲಿ. ಅನುಮತಿ ಇಲ್ಲದೆ ಒಳಗೆ ಹೋಗೋದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಆ ಕೆಂಪು ಮಣ್ಣಿನ ಮೇಲೆ ನಾಲ್ಕು ಚಕ್ರ ಕೆದಕಿದ ಗಾಯಕ್ಕೆ ಒಂದು ಮಳೆ ಸಾಕು, ಕೊರಕಲಾಗಿಬಿಡುತ್ತೆ.

ಸೇಡಂ, ಚಿತ್ತಾಪುರದ ಎರೆಭೂಮಿಯವರಾದರೆ ಇನ್ನೊಂದು ಮಾತು. ನಾಲ್ಕು ಚಕ್ರ ಎಳೆದರೂ ಮಳೆಗಾಲದ ಎರೆ ಮಣ್ಣಿಗೆ ಭಾರವೇ ಶತ್ರು. ಟ್ರ್ಯಾಕ್ಟರ್ ಹೂತರೆ ಇನ್ನೊಂದು ಟ್ರ್ಯಾಕ್ಟರ್ ತಂದು ಎಳೆಯಬಹುದು. ಮಿಲ್ಟ್ರಿ ಲಾರಿ ಹೂತರೆ ಊರೇ ಬರಬೇಕು.

ಇದೆಲ್ಲ ತಿಳಿದಮೇಲೂ ತಮ್ಮ ಹರಾಜಿನ ಪಟ್ಟಿ ನೋಡೋದು ಬಿಟ್ಟಿಲ್ಲ. ಆದರೆ ಪಟ್ಟಿಯೇ ಬದಲಾಗುತ್ತಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಿ, ಅವು ನೋಂದಾಯಿತ ಗುಜರಿ ಕೇಂದ್ರಗಳಿಗೇ ಹೋಗಬೇಕು ಅನ್ನೋ ನಿಯಮ ಬಂದಿದೆ. ರಕ್ಷಣೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ಅದರಿಂದ ವಿನಾಯಿತಿ ಇದೆ, ಆದರೆ ಅದು ಸೇವೆಯಲ್ಲಿ ಇರೋವರೆಗಿನ ಮಾತು. ಹಾಗಾಗಿ ಲಾಟಿನ ಷರತ್ತಿನಲ್ಲಿ 'ನೋಂದಾಯಿತ ಗುಜರಿ ಕೇಂದ್ರಗಳಿಗೆ ಮಾತ್ರ' ಅಂತಿದೆಯಾ ಅಂತ ಮೊದಲು ನೋಡಬೇಕು. ಹಾಗೆ ಬರೆದ ಲಾಟು ನಮ್ಮಂಥವರಿಗಲ್ಲ. ಅಂಥ ಲಾರಿ ಕುಲುಮೆಗೆ ಹೋಗುತ್ತೆ, ಊರಿಗಲ್ಲ. ಈಗ ತಮ್ಮ ದಿನಾ ಬೆಳಿಗ್ಗೆ ಮೆಟ್ರೊದಲ್ಲಿ ನಿಂತು ಮಾಡುವ ಕೆಲಸ ಆ ಒಂದು ಸಾಲನ್ನು ಹುಡುಕೋದು. ಫೋಟೊ ಆಮೇಲೆ.